ಮಾದಪ್ಪ ಒಪ್ಪದ ಉತ್ತರ

ಮಾದಪ್ಪನಿಗೆ ಸಿಟ್ಟು ಬರಲು ಕಾರಣವೇ ಬೇಡ ಎಂದು ಕಲ್ಕತ್ತೆಯ ಬಾಲಿಗಂಜಿನಲ್ಲಿ ಅವನ ಓಣಿಯ ಜನ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಕಾರಣ ಇದ್ದೇ ಇರುತ್ತಿತ್ತು, ಕೇಳಿಸಿಕೊಳ್ಳುವ ತಾಳ್ಮೆ ಜನಕ್ಕಿರಲಿಲ್ಲ ಅಷ್ಟೆ. ಲೇಕ್ ಮಾರ್ಕೆಟ್ಟಿನ ಅಂಗಡಿಯವನು ಚಿಕೋರಿ ಬೆರೆಸಿದ ಪುಡಿ ಕೊಟ್ಟು ಅಪ್ಪಟ ಕಾಫಿ ಎಂದರೆ ಸಿಟ್ಟು ಬರಬಾರದೇ? ಎರಡು ನಿಮಿಷ ಎಂದ ಟ್ಯಾಕ್ಸಿಯವನು ಅರ್ಧ ಗಂಟೆ ಬಿಟ್ಟು ಬಂದರೆ ಅವನಿಗೆ ಹಾರ ಹಾಕಬೇಕೇ? ಹೇಳಿದ್ದಕ್ಕೂ ಇರುವುದಕ್ಕೂ ತಾಳೆ ಬೀಳದಿದ್ದರೆ ಮಾದಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೆ ತಕ್ಕ ಕೆಲಸವೂ ಅವನಿಗೆ ಸಿಕ್ಕಿತ್ತು.

ಕೊಳ್ಳೇಗಾಲದ ಹತ್ತಿರದ ಹಳ್ಳಿಯಿಂದ ಕೇಂದ್ರ ಸರ್ಕಾರದ ನೌಕರಿ ಹಿಡಿದು ಕಲ್ಕತ್ತೆಗೆ ಬಂದವನು ಕಾಲು ಶತಮಾನ ಕಳೆದರೂ ಖಿದಿರ್‌ಪುರದ ಹಡಗುಕಟ್ಟೆ ಬಿಟ್ಟು ಕದಲಿರಲಿಲ್ಲ. ಕಸ್ಟಮ್ಸಿನ ತಪಾಸಣಾಧಿಕಾರಿ. ಹಡಗಿನಿಂದ ಇಳಿದ ಪೆಟ್ಟಿಗೆಯ ಕಾಗದದಲ್ಲಿ ‘ಹೊಲಿಗೆ ಯಂತ್ರದ ಬಿಡಿಭಾಗ’ ಎಂದಿದ್ದರೆ ಅದನ್ನು ಒಡೆಸಿ ನೋಡುವುದು ಅವನ ಕೆಲಸ. ಒಳಗೆ ಕೈಗಡಿಯಾರ ಸಿಕ್ಕಿದ್ದುಂಟು, ಕ್ಯಾಮೆರಾ ಸಿಕ್ಕಿದ್ದುಂಟು, ಒಮ್ಮೆ ಬರೀ ಇಟ್ಟಿಗೆ ಸಿಕ್ಕಿತ್ತು. ಬರೆದದ್ದನ್ನು ನಂಬಿದವನು ಕೆಟ್ಟ ಎಂಬುದು ಮಾದಪ್ಪನ ರಕ್ತದಲ್ಲಿ ಇಳಿದುಹೋಗಿತ್ತು. ಪೆಟ್ಟಿಗೆ ಒಡೆಯದೆ ಬಿಡಲಿ ಎಂದು ಯಾರಾದರೂ ಕೈ ಬೆಚ್ಚಗೆ ಮಾಡಲು ಬಂದರೆ ಅವನ ಕೂಗು ಹಡಗಿನ ಶಿಳ್ಳೆಯನ್ನೂ ಮೀರಿ ಕೇಳುತ್ತಿತ್ತು.

ಇಂಥವನು ಮಗಳಿಗೆ ಪ್ರವೇಶ ಪರೀಕ್ಷೆಯ ಪಾಠ ಹೇಳಿಕೊಡಲು ಕುಳಿತದ್ದೇ ಎಡವಟ್ಟಾಯಿತು.

ಮಗಳು ವರ್ಷಿಣಿ ಸಾಲ್ಟ್ ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕೆಲಸಕ್ಕಿದ್ದಳು. ಆಗ ಅಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿತ್ತು. ಇಂಗ್ಲಿಷ್ ಬಲ್ಲ ಮಕ್ಕಳನ್ನೆಲ್ಲ ಕಂಪನಿಗಳು ಬಾಚಿಕೊಂಡು ಹೋಗುತ್ತಿದ್ದವು. ಅಮೆರಿಕದವರ ಆಸ್ಪತ್ರೆ ವಿಮೆಯ ಅರ್ಜಿಗಳನ್ನು ಪರದೆಯ ಮೇಲೆ ನೋಡಿ ಹೌದು, ಅಲ್ಲ ಎಂದು ಒತ್ತುವುದು ಅವಳ ಕೆಲಸ, ಅದೂ ರಾತ್ರಿ ಪಾಳಿಯಲ್ಲಿ. ಎರಡು ವರ್ಷಕ್ಕೆ ಅವಳಿಗೆ ಅದು ಸಾಕು ಸಾಕಾಗಿತ್ತು. ಜೋಕಾದ ಮ್ಯಾನೇಜ್‌ಮೆಂಟ್ ಸಂಸ್ಥೆ ಸೇರಬೇಕೆಂದು ಹಿಂದಿನ ವರ್ಷವೇ ಪರೀಕ್ಷೆ ಬರೆದಿದ್ದಳು. ಲೆಕ್ಕದಲ್ಲಿ ಹುಲಿ. ಆದರೆ ಓದಿನ ಭಾಗವೊಂದಿರುತ್ತದಲ್ಲ, ಉದ್ದನೆಯ ಇಂಗ್ಲಿಷ್ ಪ್ರಬಂಧ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವುದು, ಅಲ್ಲಿ ಕೂದಲೆಳೆಯಲ್ಲಿ ತಪ್ಪಿತ್ತು. ಪ್ರತಿ ಭಾಗದಲ್ಲೂ ಬೇರೆ ಬೇರೆಯಾಗಿ ದಾಟಲೇಬೇಕಾದ ಗೆರೆಯಿತ್ತು. ಒಂದರಲ್ಲಿ ಬಿದ್ದರೆ ಮುಗಿಯಿತು. ಈಗ ಕಂಪನಿಯವರು ಬಡ್ತಿ ಕೊಡುತ್ತೇವೆ, ಮೂರು ವರ್ಷದ ಬಾಂಡಿಗೆ ಸಹಿ ಹಾಕು ಎಂದು ಬೆನ್ನು ಬಿದ್ದಿದ್ದರು. “ಈ ಸಲಾನೂ ಆಗ್ಲಿಲ್ಲ ಅಂದ್ರೆ ಸೈನ್ ಮಾಡ್ಬಿಡ್ತೀನಿ ಅಪ್ಪಾ. ಮತ್ತೆ ಬರ್ಯಲ್ಲ,” ಎಂದಿದ್ದಳು ವರ್ಷಿಣಿ. ಪರೀಕ್ಷೆ ನವೆಂಬರಿನ ಒಂದು ಭಾನುವಾರ.

ಮೂರು ವರ್ಷ! ಮಾದಪ್ಪನ ಎದೆ ಧಸಕ್ಕೆಂದಿತು. ಎದೆ ಧಸಕ್ಕೆಂದಾಗಲೂ ಅವನಿಗೆ ಬರುತ್ತಿದ್ದುದು ಸಿಟ್ಟೇ. “ಅದೆಂಗೆ ಆಗಲ್ವೋ ನಾನೂ ನೋಡ್ತೀನಿ. ನಾಳೆಯಿಂದ ನಾನೇ ಕೂರ್ತೀನಿ ಜತೆಗೆ,” ಎಂದ. ಹೆಂಡತಿ ಗೌರಿ ಅಡುಗೆಮನೆಯಿಂದಲೇ, “ಅಯ್ಯೋ, ಬೇಡ ಕಣ್ರೀ,” ಎಂದಳು. ಅವಳ ಮಾತು ಯಾರಿಗೆ ಬೇಕಿತ್ತು?

ಬೆಳಿಗ್ಗೆ ಪಾಳಿ ಮುಗಿಸಿ ಮಗಳು ಬಂದೊಡನೆ ಕಾಫಿ ಲೋಟದೊಂದಿಗೆ ಇಬ್ಬರೂ ಊಟದ ಮೇಜಿಗೆ ಕೂರುವರು. ಮೊದಲ ದಿನವೇ ಲೆಕ್ಕದಲ್ಲಿ ಜಗಳ. ದೋಣಿಯೊಂದು ಹರಿವಿನ ಜೊತೆಗೆ ಇಷ್ಟು ವೇಗ, ಹರಿವಿಗೆದುರು ಇಷ್ಟು ವೇಗ, ನದಿಯ ವೇಗವೆಷ್ಟು?

“ಯಾವ ನದಿ?” ಎಂದ ಮಾದಪ್ಪ.

“ಯಾವ್ದೋ ನದಿ ಅಪ್ಪಾ.”

“ಯಾವ್ದೋ ಅಂದ್ರೆ ಹೆಂಗವ್ವ? ಹೂಗ್ಲಿ ಆದ್ರೆ ಜೋಯಾರ್ ಬಂದಾಗ ಸಮುದ್ರದ ನೀರು ನುಗ್ಗಿ ನದೀನೇ ಹಿಂದಕ್ಕೆ ಹರೀತದೆ. ಬೆಳಗ್ಗೆ ಎದುರಾಗಿದ್ದುದು ಮಧ್ಯಾಹ್ನ ಜೊತೆಗಾಯ್ತದೆ. ಈ ಲೆಕ್ಕ ಬರ್ದ ಮುಂಡೇದು ನದಿ ನೋಡವ್ನಾ?”

ವರ್ಷಿಣಿ ನಕ್ಕುಬಿಟ್ಟಳು. ಲೆಕ್ಕದಲ್ಲಿ ಅವಳಿಗೆ ಅಪ್ಪನಿಂದ ಅಪಾಯವಿರಲಿಲ್ಲ. ಅವನು ನದಿಯ ಮೇಲೆ ಹರಿಹಾಯುವಷ್ಟರಲ್ಲಿ ಉತ್ತರ ಬರೆದು ಮುಂದೆ ಹೋಗುತ್ತಿದ್ದಳು. ಕುತ್ತು ಬಂದದ್ದು ಓದಿನಲ್ಲಿ.

ತರಬೇತಿ ಕೇಂದ್ರದವರು ಕೊಟ್ಟ ಪುಸ್ತಕದಲ್ಲಿ ಬಂದರುಗಳ ಬಗ್ಗೆ ಒಂದು ಪ್ರಬಂಧವಿತ್ತು. ಪೂರ್ವ ಕರಾವಳಿಯ ಹಳೆಯ ಬಂದರುಗಳು ಹಿಂದೆ ಬಿದ್ದದ್ದು ಕೂಲಿಗಳ ಮೈಗಳ್ಳತನದಿಂದ ಎಂದು ಯಾರೋ ಪಂಡಿತ ಬರೆದಿದ್ದ. ಕೊನೆಯಲ್ಲಿ ಪ್ರಶ್ನೆ: ಲೇಖಕರ ಪ್ರಕಾರ ಬಂದರುಗಳ ಹಿನ್ನಡೆಗೆ ಮುಖ್ಯ ಕಾರಣವೇನು? ವರ್ಷಿಣಿ ‘ಕೂಲಿಗಳ ಧೋರಣೆ’ ಎಂಬುದರ ಮೇಲೆ ಪೆನ್ಸಿಲ್ ಇಟ್ಟಳು.

ಮಾದಪ್ಪನ ಕೋಪ ನೆತ್ತಿಗೇರಿತು. “ಅಳಿಸು! ಮೊದ್ಲು ಅಳಿಸು! ನದೀಲಿ ಹೂಳು ತುಂಬ್ಕೊಂಡು ಹಡಗು ದಿನಗಟ್ಟಲೆ ನೀರಿಗೆ ಕಾಯ್ಕೊಂಡು ನಿಂತ್ಕತ್ತವೆ. ಉರಿಬಿಸಿಲಲ್ಲಿ ಬೆನ್ನ ಮೇಲೆ ಮೂಟೆ ಹೊತ್ತವ್ರನ್ನ ನಾನು ಕಣ್ಣಾರೆ ಕಂಡಿವ್ನಿ. ಇವ್ನು ಎಲ್ಲೋ ಫ್ಯಾನ್ ಕೆಳಗೆ ಕೂತು ಮೈಗಳ್ರು ಅಂತ ಬರೀತಾನೆ, ನೀನು ಹೌದು ಅಂತ ಗೀಚ್ತೀಯಾ? ನನ್ನ ಮಗಳಾಗಿ?”

“ಅವ್ನು ಹೇಳಿದ್ದೇನು ಅಂತ ತಾನೆ ಅಪ್ಪಾ ಕೇಳಿರೋದು...”

“ಸುಳ್ಳು ಹೇಳವ್ನೆ! ‘ಇತರೆ ಕಾರಣ’ ಅಂತ ಅದ್ಯಲ್ಲ, ಅದಕ್ಕೆ ಹಾಕು.”

ಹಾಕಿದಳು. ತಪ್ಪಾಯಿತು. ಮಾರನೆಯ ದಿನ ಹಿಮಗಡ್ಡೆಗಳ ಪ್ರಬಂಧ. ಅದರ ಬಗ್ಗೆ ಮಾದಪ್ಪನಿಗೆ ಏನೂ ಗೊತ್ತಿರಲಿಲ್ಲ, ಆದರೂ ಲೇಖಕನ ಮೇಲೆ ಗುಮಾನಿ. “ಇವ್ನು ಯಾರ ದುಡ್ಡು ತಿಂದು ಬರ್ದವ್ನೋ,” ಎಂದ. ಹೀಗೆ ತಿಂಗಳಾಯಿತು. ಅಪ್ಪನೇ ಕೂತು ಹೇಳಿಕೊಡುತ್ತಿದ್ದಾನೆಂದು ಮಗಳಿಗೂ ಮೊದಮೊದಲು ಹಿಗ್ಗು. ಅವನು ಹೇಳುವುದು ನಿಜವೂ ಆಗಿರುತ್ತಿತ್ತು. ಅದೇ ಕರ್ಮ ನೋಡಿ. ನಿಜ ಹೇಳುವವನ ಜೊತೆ ಜಗಳವಾಡುವುದು ಬಹಳ ಕಷ್ಟ.

ದುರ್ಗಾಪೂಜೆಯ ರಜೆ ಮುಗಿಯುತ್ತಲೇ ತರಬೇತಿ ಕೇಂದ್ರದಲ್ಲಿ ಅಣಕು ಪರೀಕ್ಷೆಯಾಯಿತು. ಓದಿನ ಭಾಗದಲ್ಲಿ ವರ್ಷಿಣಿಗೆ ಹಿಂದಿನ ವರ್ಷದಷ್ಟೂ ಬರಲಿಲ್ಲ. ಮಾದಪ್ಪ ಪ್ರಶ್ನೆಪತ್ರಿಕೆ ಕಿತ್ತುಕೊಂಡು, ಚಪ್ಪಲಿ ಮೆಟ್ಟಿ ನೇರ ಗಡಿಯಾಹಾಟಿನ ಆ ಕೇಂದ್ರಕ್ಕೇ ನುಗ್ಗಿದ. ಹಿಂದೆಯೇ ವರ್ಷಿಣಿ, “ಅಪ್ಪಾ ಪ್ಲೀಸ್, ಅಪ್ಪಾ ಪ್ಲೀಸ್,” ಎನ್ನುತ್ತಾ ಓಡಿದಳು.

ಪಾಠ ಹೇಳುತ್ತಿದ್ದವನು ತಥಾಗತ ಎಂಬ ಬಂಗಾಳಿ ಯುವಕ. ಮಾದಪ್ಪ ಹಿಂದಿಯಲ್ಲಿ ಆರಂಭಿಸಿ, ಸಿಟ್ಟು ಹೆಚ್ಚಾದಂತೆ ಹಡಗುಕಟ್ಟೆಯ ಬಂಗಾಳಿಗೆ ಇಳಿದ. ಉತ್ತರಗಳೆಲ್ಲ ಸುಳ್ಳು, ಮಕ್ಕಳಿಗೆ ಸುಳ್ಳು ಕಲಿಸಿ ಹೊಟ್ಟೆ ಹೊರೆಯುತ್ತೀರಿ ಎಂದು ಬಾಯಿಗೆ ಬಂದಂತೆ ಬೈದ. ತಥಾಗತ ಪಾಪ, ಪೂರ್ತಿ ಕೇಳಿಸಿಕೊಂಡ. ಆಮೇಲೆ, “ಅಂಕಲ್, ಲೇಖಕ ಸರಿಯೋ ತಪ್ಪೋ ಅಂತ ಪ್ರಶ್ನೆ ಕೇಳಿಲ್ಲ. ಅವನು ಏನು ಹೇಳಿದ ಅಂತ ಮಾತ್ರ ಕೇಳಿರೋದು. ನೀವು ಅವನ ಮಾತು ಮುಗಿಯೋಕೆ ಮುಂಚೆ ಜಗಳಕ್ಕೆ ನಿಲ್ತೀರಿ,” ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಬೀದಿಗಿಳಿದ ಮೇಲೆ ಕೂಗಿದ್ದು ಮಾದಪ್ಪನಲ್ಲ, ವರ್ಷಿಣಿ. ಫುಟ್‌ಪಾತಿನ ಸೀರೆ ಅಂಗಡಿಯವರೆಲ್ಲ ತಿರುಗಿ ನೋಡುವಂತೆ ಕೂಗಿದಳು.

“ನೀನೇ ಅಪ್ಪಾ! ನೀನೇ ನನ್ನ ಫೇಲ್ ಮಾಡ್ತಿರೋದು! ಎಕ್ಸಾಮಿಗೆ ಕೂತ್ರೆ ನನ್ನ ತಲೇಲಿ ನಿನ್ನ ವಾಯ್ಸೇ ಬರತ್ತೆ. ಅಳಿಸು, ಸುಳ್ಳು, ಯಾರ ದುಡ್ಡು ತಿಂದ... ನಂಗೆ ಆನ್ಸರ್ ಗೊತ್ತಿರತ್ತೆ. ಗೊತ್ತಿದ್ದೂ ನಿನ್ನ ಆನ್ಸರ್ ಹಾಕ್ತೀನಿ! ಮೂರು ವರ್ಷ ಆ ರಾತ್ರಿ ಪಾಳಿ ಮಾಡೋಳು ನಾನು, ನೀನಲ್ಲ. ಇನ್ಮೇಲೆ ನನ್ನ ಹತ್ರ ಕೂರ್ಬೇಡ!”

ಮಾದಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮಗಳು ಆಗಲೇ ಆಟೋ ಹತ್ತಿದ್ದಳು. ಮನೆಗೆ ಬಂದರೆ ಗೌರಿಯೂ ಕನಿಕರ ತೋರಲಿಲ್ಲ. “ನಾನು ಬೇಡ ಅಂದಾಗ ಕೇಳಿದ್ರಾ? ನಿಮ್ಮ ಪಾಠಕ್ಕಿಷ್ಟು ಬೆಂಕಿ ಹಾಕ,” ಎಂದು ಅನ್ನ ಬಡಿಸಿ ಹೋದಳು.

ಅಂದಿನಿಂದ ಮೇಜಿನ ಬಳಿ ಮಗಳೊಬ್ಬಳೇ. ಮಾದಪ್ಪ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಗಡೀಪಾರಾದ. ಅಲ್ಲಿ ಕೂತು ಕಾಗೆಗಳನ್ನು ಬೈದ, ಕೆಳಗಿನ ಮನೆಯ ಸ್ಕೂಟರನ್ನು ಬೈದ. ಒಳಗೊಳಗೇ ತಥಾಗತನನ್ನು ಬೈದ. ಹಾಳು ಪರೀಕ್ಷೆ! ಯಾರೋ ಬರೆದದ್ದನ್ನು ಹಾಗೇ ಒಪ್ಪಿಸುವವರಿಗೇ ಜಾಗ ಕೊಟ್ಟರೆ ನಾಳೆ ಇವರೆಲ್ಲ ಕಂಪನಿ ನಡೆಸುತ್ತಾರೆ, ಊರು ನಡೆಸುತ್ತಾರೆ, ಆಗ ಪೆಟ್ಟಿಗೆ ಒಡೆದು ನೋಡುವವರು ಯಾರು? ಅವನ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ ಎನ್ನುವವರು ಎದುರಿಗೆ ಬಂದು ಹೇಳಲಿ. ಆದರೆ ಮಗಳ ಮಾತು ಮುಳ್ಳಿನಂತೆ ಒಳಗೇ ಮುರಿದು ಕೂತಿತ್ತು. ಅದನ್ನು ಬೈದು ಓಡಿಸಲು ಆಗಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ದಿನ ಖಿದಿರ್‌ಪುರದಲ್ಲಿ ಸಿಂಗಾಪುರದ ಹಡಗಿನಿಂದ ಸರಕು ಇಳಿದಿತ್ತು. ಮಂಗಳೂರಿನಿಂದ ಹೊಸದಾಗಿ ವರ್ಗವಾಗಿ ಬಂದ ಶ್ರೀವತ್ಸ ಎಂಬ ಅಧಿಕಾರಿ ಮಾದಪ್ಪನ ಜೊತೆಗಿದ್ದ. ನಲವತ್ತು ದಾಟಿದವನು, ಆದರೂ ಹುಮ್ಮಸ್ಸು ಜಾಸ್ತಿ. ಒಂದು ಪೆಟ್ಟಿಗೆ ಕಂಡು ಗುಮಾನಿಯಾಗಿದ್ದೇ ತಡ, ಕೂಲಿಯವನಿಗೆ ಸನ್ನೆ ಮಾಡಿ ಹಲಗೆ ಕೀಳಿಸಿಯೇಬಿಟ್ಟ. ಒಳಗೆ ಬಟ್ಟೆ ಸುತ್ತಿದ ಯಂತ್ರದ ತುಂಡುಗಳು. “ನೋಡಿ ಸಾರ್, ಹಿಡ್ದೆ!” ಎಂದು ಬೀಗಿದ.

“ಏನು ಹಿಡಿದ್ರಿ?” ಎಂದ ಮಾದಪ್ಪ. “ಕಾಗದದಲ್ಲಿ ಏನಂತ ಬರ್ದವ್ನೆ?”

“ಅದನ್ನಿನ್ನೂ ನೋಡಿಲ್ಲ ಸಾರ್.”

“ನೋಡಿಲ್ವಾ! ತಲೆ ಅದೆಯೇನ್ರೀ ನಿಮಗೆ? ಮೊದ್ಲು ಅವನು ಏನಂತ ಹೇಳವ್ನೆ ಅಂತ ಸರಿಯಾಗಿ ಓದ್ಬೇಕು, ಬರ್ಕೋಬೇಕು. ಒಂದಕ್ಷರ ಆಚೆ ಈಚೆ ಆಗ್ಬಾರ್ದು. ಆಮೇಲೆ ಒಡೀಬೇಕು. ಅವನು ಅಂದಿದ್ದೇನು ಅನ್ನೋದೇ ಗೊತ್ತಿಲ್ದೆ ಅವನ ಸುಳ್ಳು ಎಂಗ್ರೀ ಹಿಡೀತೀರಿ? ಓದೋಕೆ ಮುಂಚೆ ಒಡೆಯೋನು ಅಧಿಕಾರಿಯಲ್ಲ, ಕಳ್ಳ!”

ಕೂಗಿದ ಮಾತು ಗೋದಾಮಿನ ತಗಡಿಗೆ ಬಡಿದು ವಾಪಸು ಬಂತು. ಮಾದಪ್ಪ ಬಾಯಿ ತೆರೆದವನು ತೆರೆದಂತೆಯೇ ನಿಂತ. ಶ್ರೀವತ್ಸ ಇನ್ನೂ ಬೈಗುಳ ಬರಲಿದೆಯೆಂದು ತಲೆ ತಗ್ಗಿಸಿ ಕಾದ, ಬರಲಿಲ್ಲ. “ಥೂ ನನ್ನ,” ಎಂದು ಮಾದಪ್ಪ ತನಗೆ ತಾನೇ ಅಂದುಕೊಂಡದ್ದು ಅವನಿಗೆ ಅರ್ಥವೂ ಆಗಲಿಲ್ಲ.

ಅಂದು ಸಂಜೆ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಮಗಳ ಕೋಣೆಯ ಬಾಗಿಲು ಬಡಿದ. ಕೆಲಸಕ್ಕೆ ಹೊರಡಲು ತಲೆ ಬಾಚುತ್ತಿದ್ದ ವರ್ಷಿಣಿ ಬಾಗಿಲು ತೆರೆಯಲಿಲ್ಲ.

“ಹತ್ರ ಕೂರ್ಬೇಡ ಅಂದೆ, ಕೂತಿಲ್ಲ. ಇಲ್ಲಿಂದ್ಲೇ ಹೇಳ್ತೀನಿ, ಕೇಳು!” ಎಂದು ಬಾಗಿಲಿಗೇ ಗದರಿದ ಮಾದಪ್ಪ. “ಪೆಟ್ಟಿಗೆ ಒಡೆಯೋಕೆ ಮುಂಚೆ ಕಾಗದ ಓದ್ಬೇಕು. ಅವನು ಏನಂದ ಅನ್ನೋದನ್ನ ಬರ್ಕೋಬೇಕು. ಬರ್ಕೊಂಡ್ರೆ ಒಪ್ಕೊಂಡಂಗಲ್ಲ. ನಾನು ನಿನಗೆ ಉಲ್ಟಾ ಹೇಳ್ಕೊಟ್ಟೆ. ನನ್ನ ತಪ್ಪು. ತಿಳೀತಾ?”

ಉತ್ತರಕ್ಕೂ ಕಾಯದೆ, “ತಿಳೀತಾ ಅಂತ ಕೇಳ್ದೆ!” ಎಂದು ಮತ್ತೆ ಗುಡುಗಿದ. “ತಿಳೀತು, ಕಿರಿಚ್ಬೇಡ,” ಎಂಬ ದನಿ ಬಂತು. ಗೌರಿ ಅಡುಗೆಮನೆಯಲ್ಲಿ ಒಗ್ಗರಣೆಯ ಸೌಟು ಹಿಡಿದವಳು ಹಾಗೇ ನಿಂತಿದ್ದಳು. ಮದುವೆಯಾದಾಗಿನಿಂದ ಗಂಡನ ಬಾಯಲ್ಲಿ ‘ನನ್ನ ತಪ್ಪು’ ಎಂಬ ಮಾತನ್ನು ಅವಳು ಕೇಳಿರಲಿಲ್ಲ. ಬೈಗುಳದ ದನಿಯಲ್ಲಿ ಬಂದರೇನು, ಬಂತಲ್ಲ.

ಪರೀಕ್ಷೆಯ ಭಾನುವಾರ ಕೇಂದ್ರದವರೆಗೆ ಬರುವುದು ಬೇಡ ಎಂದಳು ವರ್ಷಿಣಿ. ಮಾದಪ್ಪ ಹೋಗಲಿಲ್ಲ. ಮನೆಯಲ್ಲೇ ಪಂಜರದ ಹುಲಿಯ ಹಾಗೆ ಅತ್ತಿಂದಿತ್ತ ತಿರುಗಿದ, ಎರಡು ಬಾರಿ ಗೌರಿಯ ಮೇಲೆ ರೇಗಿದ, ಊಟ ಬಿಟ್ಟ. ಫಲಿತಾಂಶ ಬರುವುದು ಹೊಸ ವರ್ಷಕ್ಕೆ. ಅದು ಬಂದು, ವರ್ಷಿಣಿ ಎಲ್ಲ ಗೆರೆಗಳನ್ನೂ ದಾಟಿ, ಬಾಂಡಿನ ಕಾಗದವನ್ನು ಕಂಪನಿಯವರ ಮೇಜಿನ ಮೇಲೆಯೇ ಬಿಟ್ಟು ಬಂದದ್ದೂ ನಡೆಯಿತು. ಆದರೆ ಮಾದಪ್ಪನಿಗೆ ಫಲಿತಾಂಶ ಸಿಕ್ಕಿದ್ದು ಆ ಭಾನುವಾರವೇ.

ಮಧ್ಯಾಹ್ನ ಬಾಗಿಲು ದಢಾರನೆ ತೆರೆಯಿತು. ವರ್ಷಿಣಿ ಬ್ಯಾಗನ್ನು ಕುರ್ಚಿಯ ಮೇಲೆ ಎಸೆದಳು. ಮುಖ ಕೆಂಪಗಾಗಿತ್ತು.

“ಏನಾಯ್ತು ಮಗಾ?” ಎಂದಳು ಗೌರಿ ಹೆದರಿ.

“ಒಂದು ಪ್ಯಾಸೇಜ್ ಬಂದಿತ್ತು ಅಮ್ಮಾ. ನಮ್ಮ ಮೇಲೇ! ನಮ್ಮಂಥ ಆಫೀಸಲ್ಲಿ ಹುಡುಗೀರು ರಾತ್ರಿ ಪಾಳೀನ ಇಷ್ಟಪಟ್ಟು ಕೇಳಿ ತಗೋತಾರಂತೆ. ಅದ್ರಿಂದ ಅವ್ರಿಗೆ ಫ್ರೀಡಂ ಅಂತೆ! ಯಾರು ಕೇಳಿದ್ರು ಅವನ್ನ? ಬೆಳಗ್ಗೆ ಕಣ್ಣು ಬಿಡಕ್ಕಾಗದೆ ಬಸ್ಸಲ್ಲಿ ನಿಂತ್ಕೊಂಡು ಬರ್ತೀವಲ್ಲ, ಅವನು ಒಂದಿನ ಬಂದಿದಾನಾ? ಎಲ್ಲಿ ಕೂತು ಬರೀತಾನೆ ಅವನು?”

ಅದೇ ದನಿ. ಕೈ ಬೀಸುವುದೂ ಅದೇ. ಗೌರಿ ಗಂಡನ ಮುಖ ನೋಡಿದಳು. ಮಾದಪ್ಪ ಮಾತ್ರ ಕೂಗಲಿಲ್ಲ. ಕುರ್ಚಿಯ ಅಂಚಿಗೆ ಬಂದು ಕೂತು ಮೆಲ್ಲಗೆ ಕೇಳಿದ:

“ಪ್ರಶ್ನೆ ಏನಿತ್ತವ್ವ?”

“ಲೇಖಕರ ಪ್ರಕಾರ ಹುಡುಗೀರು ಯಾಕೆ ರಾತ್ರಿ ಪಾಳಿ ಮಾಡ್ತಾರೆ ಅಂತ.”

“ನೀನು ಏನ್ ಹಾಕ್ದೆ?”

ವರ್ಷಿಣಿ ಅಪ್ಪನನ್ನೇ ದಿಟ್ಟಿಸಿದಳು. “ಅವನು ಏನು ಹೇಳಿದ್ನೋ ಅದನ್ನೇ. ಇಷ್ಟಪಟ್ಟು ಮಾಡ್ತಾರೆ ಅಂತ. ಅಲ್ಲಿರೋ ಎಲ್ಲಾ ಪ್ರಶ್ನೆಗೂ ಅವನ ಉತ್ತರಾನೇ ಹಾಕ್ದೆ. ಮೈಯೆಲ್ಲ ಉರೀತಿತ್ತು ಅಪ್ಪಾ, ಆದ್ರೂ ಹಾಕ್ದೆ.”

ಮಾದಪ್ಪ ಎದ್ದು ನಿಂತ. ಅವನ ಕಣ್ಣು ಒದ್ದೆಯಾಗಿತ್ತು. ಅದಕ್ಕೂ ಸಿಟ್ಟು ಬಂದು ತೋಳಿನಿಂದ ಒರೆಸಿಕೊಂಡ.

“ಅವನು ಅಂದಿದ್ನ ಬರ್ಕೊಂಡಾಯ್ತಲ್ಲ? ಈಗ ಒಡಿ ಪೆಟ್ಟಿಗೆಯ! ಈಗ ಬಯ್ಯಿ, ಎಷ್ಟು ಬಯ್ತೀಯೋ ಬಯ್ಯಿ, ನಾನೂ ಬಯ್ತೀನಿ!”

ಇಬ್ಬರೂ ಶುರು ಮಾಡಿದರು. ಗೌರಿ ಮೊದಲು ಬೀದಿಯ ಕಡೆಯ ಕಿಟಕಿ ಮುಚ್ಚಿದಳು, ಆಮೇಲೆ ತಣ್ಣಗಾದ ಸಾರನ್ನು ಒಲೆಯ ಮೇಲಿಟ್ಟಳು.