ಬೆನ್ನ ಹಿಂದಿನ ಕೈಗಳು

ಎಲ್ಲಿಗೆ ಹೋದರೂ ಆಂಟಿಯ ಎರಡೂ ಕೈಗಳು ಬೆನ್ನ ಹಿಂದೆಯೇ ಇರುತ್ತಿದ್ದವು, ಬೆರಳಿಗೆ ಬೆರಳು ಬಿಗಿಯಾಗಿ ಹೆಣೆದುಕೊಂಡು. ನಾವು ವಲಸೆ ಬಂದು ನೆಲೆಸಿದ ಗಿರಾವೀನ್ ಬಡಾವಣೆಯಲ್ಲಿ ನಮ್ಮ ಹಿತ್ತಲಿನ ಕರಿಬೇವಿನ ಗಿಡವನ್ನೂ ಹಾಗೆಯೇ ನಿಂತು, ಮೂಗನ್ನಷ್ಟೇ ಮುಂದೆ ಚಾಚಿ ನೋಡುತ್ತಿದ್ದರು. ಬೀದಿಯ ಮಕ್ಕಳು ಅವರ ಹಿಂದೆ ಹಾಗೇ ನಡೆದು ಅಣಕಿಸುತ್ತಿದ್ದರು. ನನ್ನ ಮಗಳೇ ಆ ಮೆರವಣಿಗೆಯ ಮುಂದಾಳು.

ಪಕ್ಕದ ಮನೆಯ ಈ ಆಂಟಿ ತಮ್ಮ ದೇಶದ ದೊಡ್ಡ ಚಿತ್ರಶಾಲೆಯ ಮುಖ್ಯಸ್ಥೆಯಾಗಿದ್ದವರು. ಯಾವ ದೇಶವೆಂದು ಬರೆಯುವುದಿಲ್ಲ, ಅವರ ಜೊತೆ ದುಡಿದವರು ಇನ್ನೂ ಅಲ್ಲಿದ್ದಾರೆ. ಕ್ರಾಂತಿಯಾಗಿ ಅರಮನೆ ಬಿದ್ದ ವಾರ ಊರೆಲ್ಲ ಕದ ಹಾಕಿಕೊಂಡಾಗ ಇವರು ಚಿತ್ರಶಾಲೆಯನ್ನು ಒಂದು ದಿನವೂ ಮುಚ್ಚಲಿಲ್ಲವಂತೆ. "ಮುಚ್ಚಿದ ಬಾಗಿಲನ್ನು ಜನ ಒಡೆಯುತ್ತಾರೆ. ತೆರೆದ ಬಾಗಿಲಲ್ಲಿ ಕಾಲು ಒರೆಸಿಕೊಂಡು ಬರುತ್ತಾರೆ" ಎನ್ನುತ್ತಿದ್ದರು. ಆಮೇಲೆ ಎರಡು ಚಳಿಗಾಲ ಸಂಬಳವಿಲ್ಲ, ಕರೆಂಟಿಲ್ಲ. ಚಾವಣಿ ಸೋರಿದಾಗ ಚಿತ್ರಗಳ ಕೆಳಗೆ ತಾವೇ ಬಕೆಟ್ ಇಟ್ಟರು. ನಮ್ಮಿಂದ ಅವರು ಕಲಿತ ಕನ್ನಡ ಒಂದೇ ಮಾತು, "ಬರ್ರಿ". ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಮನೆಗೆ ಬರುವಾಗಲೂ ಅದನ್ನು ಅವರೇ ಹೇಳಿಕೊಂಡು ಒಳಗೆ ಬರುತ್ತಿದ್ದರು.

ಒಂದು ಶನಿವಾರ ನಾನು ಫ್ರಿಜ್ ಮೇಲೆ ಅಂಟಿಸಿದ್ದ ಮಗಳ ಹಳೆಯ ಚಿತ್ರಗಳನ್ನು ಕಿತ್ತು ರೀಸೈಕಲ್ ಬಿನ್ನಿಗೆ ಹಾಕುತ್ತಿದ್ದೆ. ಆಂಟಿ ಬೇಲಿಯ ಆಚೆಯಿಂದ ಕೇಳಿದರು: "ಅವಳನ್ನು ಕೇಳಿದೆಯಾ?"

"ಏಳು ವರ್ಷದವಳನ್ನು ಏನು ಕೇಳೋದು ಆಂಟಿ? ಇನ್ನೊಂದು ಬರೀತಾಳೆ ಬಿಡಿ."

ಅವರು ಬೇಲಿ ಸುತ್ತಿ ಈಚೆ ಬಂದರು. ನಮ್ಮ ಮೆಟ್ಟಿಲ ಮೇಲೆ ಕುಳಿತು ಅಂದು ಎಲ್ಲ ಹೇಳಿದರು. ಕ್ರಾಂತಿಯ ಸಮಿತಿಯವರು ಬಂದು, ಅರಮನೆಯ ಚಿತ್ರ ಒಂದನ್ನಾದರೂ ಚೌಕದಲ್ಲಿ ಸುಡಬೇಕು, ನೀವು ಕೊಡದಿದ್ದರೆ ನಾವೇ ಆರಿಸುತ್ತೇವೆ ಎಂದಿದ್ದರು. ಆಂಟಿ ಆರಿಸಿದ್ದು ಒಬ್ಬ ತರುಣ ಚಿತ್ರಕಾರ ಬರೆದ ಅರಮನೆಯ ಅಡುಗೆಮನೆಯ ಚಿತ್ರವನ್ನು. ಅದರಲ್ಲಿ ಒಲೆಯ ಮುಂದೆ ನಿಂತಿದ್ದವಳು ಅವನ ತಾಯಿ. ಉಳಿದ ಚಿತ್ರಗಳನ್ನು ಬರೆದವರೆಲ್ಲ ಸತ್ತಿದ್ದರು. ಇವನು ಬದುಕಿದ್ದಾನೆ, ಇನ್ನೊಂದು ಬರೆದಾನು ಎಂದುಕೊಂಡರು. ಅವನ ಮನೆ ಮೂರು ಬೀದಿ ಆಚೆಯೇ ಇತ್ತು. ತಮ್ಮ ಕೈಯಾರೆ ಗೋಡೆಯಿಂದ ಇಳಿಸಿ ಕೊಟ್ಟುಬಿಟ್ಟರು.

ಬೆನ್ನ ಹಿಂದೆ ಕೈ ಕಟ್ಟಿ ನಡೆಯುವುದು ಏನನ್ನೂ ಮುಟ್ಟಬಾರದೆಂಬ ಚಿತ್ರಶಾಲೆಯ ಶಿಸ್ತು ಎಂದು ನಾನು ತಿಳಿದಿದ್ದೆ. ನನ್ನ ಬುದ್ಧಿಗಿಷ್ಟು, ಅವು ಆ ಚಿತ್ರ ಇಳಿಸಿ ಕೊಟ್ಟ ಕೈಗಳು.

ಆ ಚಿತ್ರಕಾರ ಈಗ ಇದೇ ದೇಶದ ಮೆಲ್ಬರ್ನ್‌ನಲ್ಲಿದ್ದ. ವಿಳಾಸ ಆಂಟಿಯ ಚೀಲದಲ್ಲಿ ಐದು ವರ್ಷದಿಂದ ಸವೆಯುತ್ತಿತ್ತು. ಹುಬ್ಬಳ್ಳಿಯವನಾದ ನನ್ನ ಗಂಡ ಇದನ್ನು ಕೇಳಿದವನೇ, "ಮುಂದಿನ ಶನಿವಾರದ ಫ್ಲೈಟ್ ಬುಕ್ ಮಾಡೇನಿ, ಇಬ್ರೂ ಹೋಗಿ ಬರ್ರಿ. ಆಂಟಿ ಹಾರ್ಟ್ ಮೊದಲೇ ವೀಕ್ ಅದ, ಇನ್ನ ಯಾವಾಗ ಹೋಗ್ತೀರಿ?" ಎಂದ.

ಮೆಲ್ಬರ್ನ್‌ನಲ್ಲಿ ಟ್ರ್ಯಾಮ್ ಇಳಿದು ಚಿತ್ರಕಾರರ ಫ್ಲ್ಯಾಟ್ ಹುಡುಕಿದೆವು. ಅಂದಿನ ತರುಣನ ತಲೆ ಈಗ ನೆರೆತಿತ್ತು. ಬಾಗಿಲು ತೆರೆದು ಚಹಾ ಕೊಟ್ಟರು. ಗೋಡೆಗಳು ಬೋಳಾಗಿದ್ದವು. ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದರು: "ನೀವು ಸರಿಯಾದದ್ದನ್ನೇ ಆರಿಸಿದಿರಿ. ಕೇಳಿದ್ದರೆ ನಾನೇ ಇಳಿಸಿ ಕೊಡುತ್ತಿದ್ದೆ. ನೀವು ಕೇಳಲಿಲ್ಲ. ಆಮೇಲೆ ನಾನು ಬ್ರಷ್ ಹಿಡಿದಿಲ್ಲ."

"ಕೇಳಲಿಲ್ಲ" ಎಂದರು ಆಂಟಿ. "ನೀನು ಬೇಡ ಅಂದುಬಿಟ್ಟರೆ ಎಂದು ಹೆದರಿದೆ."

ಚಿತ್ರಕಾರರು ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರೋ ಇಲ್ಲವೋ, ನನಗೆ ತಿಳಿಯಲಿಲ್ಲ. ಆಂಟಿಯ ಲೋಟಕ್ಕೆ ಇನ್ನಷ್ಟು ಚಹಾ ಬಗ್ಗಿಸಿದರು.

ಇಲ್ಲಿ ಜುಲೈ ಎಂದರೆ ಚಳಿಗಾಲ, ಆ ಜುಲೈ ಚಳಿಯಲ್ಲಿ ಆಂಟಿ ತೀರಿಕೊಂಡರು. ಮಣ್ಣಿಗೆ ಚಿತ್ರಕಾರರೂ ಬಂದು, ಆಮೇಲೆ ನಮ್ಮ ಮನೆಗೆ ಬಂದರು. ಫ್ರಿಜ್ ಮೇಲೆ ಮಗಳು ಬರೆದ ಆಂಟಿ ಇದ್ದರು: ಬೆನ್ನು ಮಾತ್ರ, ಅದರ ಮೇಲೆ ಮೊರದಗಲದ ಎರಡು ಕೈ. ಚಿತ್ರಕಾರರು ಅದರ ಮುಂದಿನಿಂದ ಕದಲಲೇ ಇಲ್ಲ. ತಗೊಂಡು ಹೋಗಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಮಗಳನ್ನು ಕರೆದೆ. "ಅಂಕಲ್‌ಗೆ ಇದನ್ನ ಕೊಡೋಣೇನು?"

"ನೋ ಅಮ್ಮಾ. ದಟ್ಸ್ ಮೈ ಆಂಟಿ."

ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಚಿತ್ರಕಾರರು ಮಾತ್ರ ತಲೆದೂಗಿ, ಅವಳ ಎತ್ತರಕ್ಕೆ ಬಗ್ಗಿ ಕೇಳಿದರು: "ಹಾಗಾದರೆ ಇದನ್ನು ನೋಡಿಕೊಂಡು ನಾನೊಂದು ಬರೆಯಲೇ?"

ಅವಳು ಯೋಚಿಸಿದಳು. ಆಂಟಿ ಇದನ್ನು ನೋಡಬೇಕಿತ್ತು ಎಂದು ನನಗೆ ಅಳು ಬಂತು. ಮಗಳು ಒಳಗೆ ಓಡಿ, ಪೆನ್ಸಿಲ್ ಡಬ್ಬಿ ತಂದು ಪೂರ್ತಿ ಅವರ ಮುಂದೆ ಸುರಿದಳು.