ಕೈಗೆ ಹಗುರಾದ ಸ್ಟೇರಿಂಗ್

2005ರ ದಸರಾ. ಆಗ ನಾವು ಕುಕ್ ಟೌನಿನಲ್ಲಿ ಬಾಡಿಗೆಗಿದ್ದೆವು. ನಾನು ಹುಟ್ಟಿ ಬೆಳೆದದ್ದು ಹಲಸೂರು, ನಮ್ಮ ಯಜಮಾನರ ಊರು ಹುಬ್ಬಳ್ಳಿ. ಕಾರು ಓಡಿಸುವುದನ್ನು ನಾನು ಕಲಿತು ವರ್ಷವಾಗಿತ್ತಷ್ಟೆ. ನೆಂಟರಿಷ್ಟರಲ್ಲಿ ನನ್ನ ಕಾರು ಹತ್ತಲು ಧೈರ್ಯ ಮಾಡುತ್ತಿದ್ದವರು ನಮ್ಮತ್ತೆ ಒಬ್ಬರೇ. ಉಳಿದವರಿಗೆಲ್ಲ ನಾನು ಕೀ ಹಿಡಿದರೆ ಸಾಕು, ಏನೋ ಕೆಲಸ ನೆನಪಾಗಿಬಿಡುತ್ತಿತ್ತು.

ಯಜಮಾನರಿಗೆ ಕಾರಿನ ಕೆಲಸವನ್ನು ತಾವೇ ಮಾಡುವ ಹುಚ್ಚು. ಆ ಮಳೆಗಾಲಕ್ಕೆಂದು ಶಿವಾಜಿನಗರದಿಂದ ಹೊಸ ಟೈರು ಎರಡು ತಂದು ಮುಂದಿನ ಚಕ್ರಗಳಿಗೆ ಹಾಕಿಸಿದ್ದರು. ಅವುಗಳ ಮೇಲಿನ ಗೀರುಗಳು ಬಾಣದ ಮೊನೆಗಳನ್ನು ಒಂದರ ಹಿಂದೊಂದು ಜೋಡಿಸಿದಂತಿದ್ದವು. ಚಕ್ರ ಉರುಳಿದಾಗ ನೀರು ನಡುವಿನಿಂದ ಎರಡೂ ಪಕ್ಕಕ್ಕೆ ಹರಿದುಹೋಗಿ ರಬ್ಬರು ರಸ್ತೆಯನ್ನು ಕಚ್ಚಿ ಹಿಡಿಯುತ್ತದಂತೆ. ಮನೆಗೆ ಬಂದವರಿಗೆಲ್ಲ ಕಾಫಿಗೆ ಮೊದಲು ಈ ಪಾಠ ಆಗುತ್ತಿತ್ತು.

ಆಯುಧ ಪೂಜೆಯ ಬೆಳಿಗ್ಗೆ ಆ ಎರಡು ಚಕ್ರಗಳನ್ನು ಬಿಚ್ಚಿ, ಒಳಗಿನ ಕೆಸರನ್ನೆಲ್ಲ ಬ್ರಷ್ಷಿನಿಂದ ಉಜ್ಜಿ ತೊಳೆದು ಗೋಡೆಗೆ ಒರಗಿಸಿಟ್ಟರು. ಮನೆಯಲ್ಲಿ ಮಕ್ಕಳಿಗೂ ಅಷ್ಟು ಚೆನ್ನಾಗಿ ಸ್ನಾನ ಮಾಡಿಸಿದವರಲ್ಲ. ಅಡುಗೆ ಆರುತ್ತಿದೆ ಎಂದು ನಾನು ಕೂಗಿದ ಮೇಲೆ ಅವಸರದಲ್ಲಿ ಮತ್ತೆ ಜೋಡಿಸಿದರು. ಅತ್ತೆ ಅರಿಶಿನ ಕುಂಕುಮ ಹಚ್ಚಿದರು, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಪೂಜೆ ಮುಗಿಸಿದೆವು.

ಮರುದಿನ ವಿಜಯದಶಮಿ. ಅವರ ಕಡೆ ಆ ದಿನ ಬನ್ನಿ ಎಲೆಯನ್ನು ಬಂಗಾರವೆಂದು ಮನೆಮನೆಗೆ ಹೋಗಿ ಕೊಡುವ ಪದ್ಧತಿ. ಮಧ್ಯಾಹ್ನದ ಮೇಲೆ ಅತ್ತೆ ಬನ್ನಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕೃಷ್ಣರಾಜಪುರದ ಮಗಳ ಮನೆಗೆ ಕರೆದುಕೊಂಡು ಹೋಗು ಎಂದರು. ಯಜಮಾನರು ನಿದ್ದೆಯಲ್ಲಿದ್ದರು. ನಾವಿಬ್ಬರೇ ಹೊರಟೆವು.

ಹಲಸೂರು ದಾಟಿ ಹಳೇ ಮದ್ರಾಸ್ ರಸ್ತೆಗೆ ಬರುವಷ್ಟರಲ್ಲಿ ಮಳೆ ಜೋರಾಯಿತು. ರಜೆಯ ದಿನವಾದ್ದರಿಂದ ರಸ್ತೆ ಬಿಕೋ ಎನ್ನುತ್ತಿತ್ತು. ಬೇರೆ ದಿನ ತೆವಳುವ ಜಾಗದಲ್ಲಿ ಅಂದು ಕಾರು ಸಲೀಸಾಗಿ ಓಡುತ್ತಿತ್ತು. ಒಳಗೊಳಗೇ ಖುಷಿ ನನಗೆ, ಸ್ವಲ್ಪ ಜಂಬವೂ ಇತ್ತು. ಬೈಯಪ್ಪನಹಳ್ಳಿಯ ಹತ್ತಿರ ರಸ್ತೆ ತಗ್ಗಿದ ಕಡೆ ನೀರು ಹಾಸಿಕೊಂಡು ನಿಂತಿತ್ತು. ಅಂಥ ನೀರನ್ನು ಆ ಮಳೆಗಾಲದಲ್ಲಿ ಎಷ್ಟೋ ಸಲ ದಾಟಿದ್ದೆನಾದ್ದರಿಂದ ವೇಗ ತಗ್ಗಿಸಲಿಲ್ಲ.

ನೀರಿಗಿಳಿದ ಕೂಡಲೇ ಸ್ಟೇರಿಂಗ್ ಹಗುರವಾಯಿತು. ಹೇಗೆ ಹೇಳಲಿ, ಆಟದ ಕಾರಿನ ಸ್ಟೇರಿಂಗಿನ ಹಾಗೆ. ಅದು ತಿರುಗುತ್ತಿತ್ತು, ಕಾರು ತಿರುಗುತ್ತಿರಲಿಲ್ಲ. ಕಾರು ಓರೆಯಾಗಿ ಎಡಕ್ಕೆ ಜಾರತೊಡಗಿತು. ಎಡಗಡೆ ಮುಂದೆ ಬಾಳೆಕಂದು ಕಟ್ಟಿಕೊಂಡಿದ್ದ ಲಾರಿಯೊಂದು ನಿಂತಿತ್ತು. ಅದರ ಹಿಂಭಾಗ ದೊಡ್ಡದಾಗುತ್ತಾ ಅತ್ತೆ ಕೂತ ಬದಿಗೇ ಬರುತ್ತಿತ್ತು. ಇವರನ್ನು ನಾನೇ ಕೊಲ್ಲುತ್ತಿದ್ದೇನೆ ಎನ್ನುವುದೊಂದೇ ತಲೆಯಲ್ಲಿತ್ತು. ಅಷ್ಟರಲ್ಲಿ ನೀರು ಮುಗಿದು, ನಾನು ಬಲಕ್ಕೆ ತಿರುಗಿಸಿ ಹಿಡಿದಿದ್ದ ಚಕ್ರಕ್ಕೆ ನೆಲ ಸಿಕ್ಕಿತು. ಕಾರು ಒಮ್ಮೆಲೇ ಬಲಕ್ಕೆ ಎಗರಿ, ಲಾರಿಯನ್ನು ಸವರಿಕೊಂಡು ಹೋಗಿ, ನಡುವಿನ ಡಿವೈಡರಿಗೆ ಉಜ್ಜಿ ಆಫ್ ಆಯಿತು. ಲಾರಿಯ ಬಾಳೆಕಂದಿನಿಂದ ಹರಿದ ಎಲೆಯ ಚೂರು ಅತ್ತೆಯ ಕಿಟಕಿಗೆ ಅಂಟಿಕೊಂಡಿತ್ತು.

ಲಾರಿಯ ಡ್ರೈವರು ಮಳೆಯಲ್ಲೇ ಓಡಿಬಂದು ತಮಿಳಿನಲ್ಲಿ ಏನೇನೋ ಕೇಳಿದ. ಹಲಸೂರಿನವಳಾದ ನನಗೆ ತಮಿಳು ನೀರು ಕುಡಿದಷ್ಟು ಸಲೀಸು, ಆದರೂ ಒಂದು ಪದವೂ ತಿಳಿಯಲಿಲ್ಲ. ಕಾರನ್ನು ಪಕ್ಕಕ್ಕೆ ತಳ್ಳಿಸಿದವನು ಅವನೇ. ಆಮೇಲೆ ನಾನು ಮನೆಗೆ ಫೋನು ಮಾಡಿದೆ.

ಯಜಮಾನರು ಆಟೋದಲ್ಲಿ ಬಂದು, ಕಾರನ್ನು ಸುತ್ತಿ ನೋಡಿ, ತಾವೇ ನಿಧಾನವಾಗಿ ಓಡಿಸಿಕೊಂಡು ಮನೆಗೆ ತಂದರು. "ಗಾಡಿಗೇನೂ ಆಗಿಲ್ಲ. ನೀರಲ್ಲಿ ಗಾಬರಿಯಾಗಿ ಬ್ರೇಕ್ ಹೊಡೆದಿರ್ತೀಯ, ಬಿಡು," ಎಂದರು. ಬೈಯಲಿಲ್ಲ, ಸಮಾಧಾನವಾಗಿಯೇ ಹೇಳಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ನನ್ನ ಕಾಲು ಏನು ಮಾಡಿತ್ತೋ ನನಗೇ ಗೊತ್ತಿರಲಿಲ್ಲವಾದ್ದರಿಂದ ಎದುರು ಮಾತಾಡಲಾಗಲಿಲ್ಲ. ಇನ್ನು ಮೇಲೆ ಕಾರು ಮುಟ್ಟುವುದಿಲ್ಲ ಎಂದು ಹೇಳಿ ಮಲಗಿದೆ. ಕಣ್ಣು ಮುಚ್ಚಿದರೆ ಲಾರಿಯ ಹಿಂಭಾಗವೇ ಬರುತ್ತಿತ್ತು.

ಬೆಳಿಗ್ಗೆ ಅವರು ತಂಗಿಗೆ ಫೋನಿನಲ್ಲಿ ಬ್ರೇಕಿನ ಕತೆಯನ್ನೇ ಹೇಳುತ್ತಿದ್ದರು. ಅಷ್ಟು ಹೊತ್ತು ಸುಮ್ಮನೆ ಸೊಪ್ಪು ಸೋಸುತ್ತಿದ್ದ ಅತ್ತೆ ತಲೆಯೆತ್ತದೆಯೇ ಹೇಳಿದರು: "ಆಕಿ ಬ್ರೇಕ್ ಒತ್ತಿಲ್ಲೋ ತಮ್ಮಾ. ನಂಗ ರಸ್ತಾ ನೋಡಿದ್ರ ಅಂಜಿಕಿ ಬರತೈತಿ. ಅದಕ್ಕ ಕಾರ್ ಹತ್ತಿದಾಗಿಂದ ಆಕಿ ಕಾಲ ನೋಡ್ಕೋತ ಕುಂತಿರತೇನಿ. ಕಾಲು ಎತ್ತಿದ್ಲು, ಒತ್ತಲಿಲ್ಲ."

ಒಂದು ವರ್ಷ ನನ್ನ ಪಕ್ಕದಲ್ಲಿ ಧೈರ್ಯವಾಗಿ ಕೂರುತ್ತಿದ್ದಾರೆಂದು ನಾನು ನಂಬಿದ್ದ ಹೆಂಗಸು ಇವರು.

ಯಜಮಾನರು ಫೋನು ಇಟ್ಟು ಹೊರಗೆ ಹೋದರು. ತುಂಬ ಹೊತ್ತಾದರೂ ಬರದಿದ್ದಾಗ ನಾನೂ ಹೋಗಿ ನೋಡಿದೆ. ಮುಂದಿನ ಚಕ್ರದ ಎದುರು ನೆಲದ ಮೇಲೆ ಕೂತಿದ್ದರು, ಮುಖ ಬಿಳಿಚಿಕೊಂಡಿತ್ತು. ಅಂಥ ಟೈರುಗಳ ಪಕ್ಕೆಯ ಮೇಲೆ ಯಾವ ದಿಕ್ಕಿಗೆ ಉರುಳಬೇಕೆಂದು ಒಂದು ಬಾಣದ ಗುರುತು ಇರುತ್ತದೆ. ಅದು ಹಿಂದಕ್ಕೆ ತೋರಿಸುತ್ತಿತ್ತು. ಪೂಜೆಯ ದಿನ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿಬಿಟ್ಟಿದ್ದರು. ನೀರನ್ನು ಆಚೆ ತಳ್ಳಬೇಕಿದ್ದ ಗೀರುಗಳು ಉಲ್ಟಾ ತಿರುಗಿ ಅದನ್ನು ನಡುವಿಗೇ ಕೂಡಿಹಾಕಿದ್ದವು. ಕಾರು ನೆಲ ಬಿಟ್ಟು ನೀರಿನ ಮೇಲೆ ತೇಲಿತ್ತು. "ನಿಮ್ಮಿಬ್ಬರನ್ನೂ ನಾನೇ..." ಎಂದರು. ನನಗೆ ಸಿಟ್ಟು ಬಂತು, ಅವರನ್ನು ನೋಡಿ ಅಳುವೂ ಬಂತು.

ಎರಡು ಚಕ್ರಗಳನ್ನೂ ಅದಲುಬದಲು ಮಾಡಿ ಸರಿಯಾಗಿ ಹಾಕಿದ್ದಾಯಿತು. ಸಂಜೆ ಮತ್ತೆ ಮಳೆ. ಬನ್ನಿ ಕೊಡುವುದು ಬಾಕಿ ಇದೆ ಎಂದು ಅತ್ತೆ ಸೀರೆ ಉಟ್ಟು ಬಂದರು. ಯಜಮಾನರು ಕೀ ತೆಗೆದುಕೊಂಡರೆ ಅತ್ತೆ ಅದನ್ನು ಇಸಿದುಕೊಂಡು ನನ್ನ ಕೈಗಿತ್ತರು. ನಾನು ಒಲ್ಲೆ ಎಂದೆ. ಯಜಮಾನರೂ ಬೇಡವೆಂದರು, ನಿನಗೆ ಭಯ ಇಲ್ಲವೇನವ್ವಾ ಎಂದು ಕೇಳಿದರು.

"ಐತಿ. ಆದ್ರ ಇವತ್ತ ಕುಂಡ್ರಲಿಲ್ಲಂದ್ರ ಆಕಿ ಜಲ್ಮದಾಗ ಕುಂಡ್ರಂಗಿಲ್ಲ. ಒಬ್ಬಾಕಿನ ಅಂಜೂದು ಬ್ಯಾಡ, ಇಬ್ರೂ ಕೂಡಿ ಅಂಜತೇವಿ."

ಇಬ್ಬರೇ ಹೋದೆವು. ಮೊದಲ ದಿನಕ್ಕಿಂತ ಆ ಎರಡನೆಯ ದಿನವೇ ನಾನು ಹೆಚ್ಚು ಹೆದರಿದ್ದು. ತಗ್ಗು ಬಂದಾಗ ಆಮೆಯಂತೆ ಇಳಿಸಿದೆ. ನೀರು ಸುಯ್ಯೆಂದು ಪಕ್ಕಕ್ಕೆ ಸರಿಯಿತು, ಸ್ಟೇರಿಂಗ್ ಭಾರವಾಗಿ ಕೈಯಲ್ಲೇ ಇತ್ತು. ಅತ್ತೆಯ ಕಡೆ ನೋಡುವಷ್ಟು ಧೈರ್ಯ ಇರಲಿಲ್ಲ. ಅವರ ಉಸಿರಾಟ ಮಾತ್ರ ಕೇಳುತ್ತಿತ್ತು, ನನ್ನಷ್ಟೇ ಜೋರಾಗಿ.

ಅತ್ತೆ ತೀರಿಕೊಂಡು ಕೆಲವು ವರ್ಷಗಳಾದವು. ಮಳೆಯಲ್ಲಿ ಕಾರು ಓಡಿಸುವಾಗ ಇಂದಿಗೂ ನನ್ನ ಅಂಗೈ ಬೆವರುತ್ತದೆ. ಓಡಿಸುವುದನ್ನು ಮಾತ್ರ ಬಿಟ್ಟಿಲ್ಲ. ಈಗ ಒಬ್ಬಳೇ ಅಂಜುತ್ತೇನೆ, ಅಷ್ಟೇ.