ಕೆಂಪು ದಾರದ ಹಣ್ಣು

ಟೊಮೆಟೊ ಗಿಡದ ಚಿಗುರು ಚಿವುಟಿದರೆ ಬೆರಳಿಗೆ ಹಸಿರು ಹತ್ತುತ್ತದೆ. ಸೋಪು ಹಾಕಿ ತೊಳೆದರೂ ಘಾಟು ಸ್ವಲ್ಪ ಹೊತ್ತು ಉಳಿದೇ ಇರುತ್ತದೆ. ಇವತ್ತು ಬೆಳಿಗ್ಗೆ ಮಳವಳ್ಳಿಯ ನನ್ನ ಬಾಡಿಗೆ ಮನೆಯ ತಾರಸಿಯಲ್ಲಿ ಕುಂಡದ ಗಿಡಗಳ ಚಿಗುರು ತೆಗೆದು ಕಾಲೇಜಿಗೆ ಹೋಗಿದ್ದೆ. ಪಾಠದ ಮಧ್ಯೆ ಕೈ ಮೂಗಿನ ಹತ್ತಿರ ಹೋದಾಗ ಆ ವಾಸನೆ ಬಂತು... ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತಿತು.

ನಮ್ಮೂರು ಮಂಡ್ಯ ಜಿಲ್ಲೆಯ ಕೊಪ್ಪದ ಹತ್ತಿರ. ಅಲ್ಲಿ ಹಾಲಿನ ಡೈರಿ ನೋಡಿಕೊಳ್ಳುತ್ತಿದ್ದವರನ್ನು ನಾನು ಡೈರಿ ಮಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ. ನಂಟೇನೂ ಇರಲಿಲ್ಲ, ಪಕ್ಕದ ಮನೆಯವರು. ಡೈರಿಯಲ್ಲಿ ಕ್ಯಾನು ತೊಳೆದ ನೀರು ಅವರ ಹಿತ್ತಿಲಿಗೆ ಹರಿಯುತ್ತಿತ್ತು. ಆ ನೀರಿನಲ್ಲಿ ಟೊಮೆಟೊ ಬೆಳೆಯುತ್ತಿದ್ದರು. ಮಾರುವುದಕ್ಕಲ್ಲ. ಪ್ರತಿ ಸಲವೂ ಹಿಂದೆ ಕಂಡಿರದ ಒಂದು ತಳಿ ಬೇಕಿತ್ತು, ಅಷ್ಟೆ. ಊರಿನಿಂದ ಯಾರೇ ಎಲ್ಲಿಗೇ ಹೊರಡಲಿ, "ಬ್ಯಾರೆ ತರದ ಟಮಾಟೆ ಕಂಡ್ರೆ ಒಂದಣ್ಣು ತಕಬನ್ನಿ" ಎನ್ನುತ್ತಿದ್ದರು. ಬೀಜವನ್ನು ಬೂದಿಯಲ್ಲಿ ಉಜ್ಜಿ ಒಣಗಿಸಿ, ಹಾಲಿನ ಸ್ಯಾಂಪಲ್ ಹಿಡಿಯುವ ಪುಟ್ಟ ಬಾಟಲಿಗೆ ತುಂಬಿ, ಹಣ್ಣು ಸಿಕ್ಕಿದ ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತಿದ್ದರು.

ಅವರದೊಂದು ಕಟ್ಟುಪಾಡಿತ್ತು. ಹೊಸ ಗಿಡದ ಮೊದಲ ಹಣ್ಣು ಬೀಜಕ್ಕೆ. ಅದರ ತೊಟ್ಟಿಗೆ ಕೆಂಪು ದಾರ ಕಟ್ಟುವರು. ಗಿಡದಲ್ಲೇ ಮೆತ್ತಗಾಗುವ ತನಕ ಯಾರೂ ಮುಟ್ಟುವಂತಿಲ್ಲ. ಎರಡನೆಯದು ರುಚಿಗೆ. ಅದನ್ನು ಸಂಜೆ ಹಾಲು ಹಾಕಲು ನಿಂತವರ ಮುಂದೆ, ಕ್ಯಾನಿನ ಮುಚ್ಚಳದ ಮೇಲೆ ಕೊಯ್ದು, ಉಪ್ಪು ಸವರಿ ಎಲ್ಲರಿಗೂ ಒಂದೊಂದು ಹೋಳು ಕೊಡುವರು. ತಾವು ತಿನ್ನುವುದನ್ನು ಮರೆತು ನಮ್ಮ ಮುಖಗಳನ್ನೇ ನೋಡುತ್ತಾ ನಿಲ್ಲುವರು.

"ಟಮಾಟೆ ಕುಯ್ದಿದ್ದು ಸಾಕು, ಆಲು ಅಳಿಲಾ. ಒತ್ತಾಯ್ತದೆ" ಎಂದು ಅವರ ಓರಗೆಯವರೊಬ್ಬರು ರೇಗುತ್ತಿದ್ದರು.

"ಇರ್ಲಾ! ನಿನ್ನಾಲಿಗಿಂತ ನಮ್ಮ ಗಿಡಕ್ಕೆ ಓಗೋ ನೀರೇ ಗಟ್ಟಿಯಾಗಿ ಅದೆ."

ಒಂದು ಶನಿವಾರ ಮುತ್ತತ್ತಿಗೆ ಹೋಗಿ ಬಂದ ಮಾವ ನನ್ನನ್ನು ಕೂಗಿ, ಕರ್ಚೀಫು ಬಿಡಿಸಿ ತೋರಿಸಿದರು. ಹೊಳೆಯ ದಂಡೆಯಲ್ಲಿ ಊಟ ಮಾಡಿ ಹೋದವರು ಯಾರೋ ಬಿಸಾಡಿದ್ದ ಹಣ್ಣು, ತುಳಿದು ಅಪ್ಪಚ್ಚಿಯಾದದ್ದು. ಹಳದಿ ಸಿಪ್ಪೆ, ಅದರ ಮೇಲೆ ಹಸಿರು ಗೀರು. "ಬರೀ ಮಣ್ಣು ಕಣವ್ವ, ಬಾಯಿಗಿಕ್ಕಕ್ಕಾಗ್ನಿಲ್ಲ. ಎಂಗಿತ್ತೋ ಏನೋ ರುಚಿ!" ಆಗ ಅವರಿಗೆ ಐವತ್ತು ದಾಟಿತ್ತು, ದನಿಗೆ ದಾಟಿರಲಿಲ್ಲ. ಸಿಕ್ಕಿದ ಏಳೆಂಟು ಬೀಜವನ್ನೂ ಬಿತ್ತಿದರು. ಒಂದೇ ಸಸಿ ಉಳಿಯಿತು.

ಆ ಗಿಡ ಐದು ಕಾಯಿ ಕಚ್ಚುವ ಹೊತ್ತಿಗೆ ಅವರು ಮಂಡ್ಯದ ಆಸ್ಪತ್ರೆ ಸೇರಿದ್ದರು. ಹೊಟ್ಟೆಯಲ್ಲಿ ಗಂಟು ಎಂದಿದ್ದರು. ನಾನು ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ, ರಜೆಗೆ ಬಂದಿದ್ದೆ. ನೀರು ಹಾಕುವ ಕೆಲಸ ನನಗೆ ಬಂತು. ಆಸ್ಪತ್ರೆಗೆ ಹೊರಡುವ ಮುನ್ನ ಮೊದಲ ಕಾಯಿಗೆ ಅವರೇ ದಾರ ಕಟ್ಟಿದ್ದರು. ನೋಡಲು ಹೋದಾಗಲೆಲ್ಲ ಕೇಳುವುದು ಒಂದೇ: "ಬಣ್ಣ ತಿರುಗ್ತಾ?"

ಒಂದು ಸಂಜೆ ಅತ್ತೆ ನನ್ನನ್ನು ವಾರ್ಡಿನ ಹೊರಗೆ ಕರೆದು, "ಗಂಜಿನೂ ಸೇರ್ತಿಲ್ಲ ಕಣವ್ವ. ಮನೆಗೆ ಕರ್ಕೊಂಡೋಗಿ ಅಂತವ್ರೆ ಡಾಕ್ಟ್ರು" ಎಂದರು.

ಮಾರನೆಯ ಬೆಳಿಗ್ಗೆ ಆ ಹಣ್ಣನ್ನು ಕಿತ್ತೆ. ಹಳದಿ ಬಂದಿತ್ತು, ಇನ್ನೂ ಗಟ್ಟಿಯಿತ್ತು. ದಾರದ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದೇ ಬಿಚ್ಚಿದೆ. ಅವರು ರುಚಿ ನೋಡದೆ ಹೋಗಬಾರದು ಅನ್ನಿಸಿತ್ತು.

ಹಣ್ಣನ್ನು ಅವರು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ದಾರ ಬಿಚ್ಬುಟ್ಯಾ?"

"ಇನ್ನೂ ನಾಲ್ಕು ಕಾಯಿ ಇದಾವೆ ಮಾವ. ದೊಡ್ಡದಕ್ಕೆ ಕಟ್ಟಿ ಬಂದಿದೀನಿ."

ದಾರವಿದ್ದ ತೊಟ್ಟನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ತಟ್ಟೆ ಕೇಳಿದರು. ಹೋಳುಗಳಲ್ಲಿ ಒಂದು ಅತ್ತೆಗೆ, ಒಂದು ಪಕ್ಕದ ಮಂಚದವರಿಗೆ. ಮುಖ ನೋಡಿದರು, ಡೈರಿಯಲ್ಲಿ ನೋಡುತ್ತಿದ್ದಂತೆಯೇ. ಕೊನೆಗೆ ತಾವೂ ತಿಂದರು. "ಉಳಿ ಕಮ್ಮಿ... ಸೀಬೆಅಣ್ಣಿನ ವಾಸ್ನೆ ಅದೆ ಕಣೇ!" ಎಂದು ಅತ್ತೆಗೆ ಹೇಳಿದರು. ಎಷ್ಟೋ ದಿನಗಳ ಮೇಲೆ ಅವರು ನಕ್ಕದ್ದು ಅವತ್ತು. ನನಗೂ ಒಂದು ಹೋಳು ಚಾಚಿದರು. ಅವರಿಗೇ ಇರಲೆಂದು ಬೇಡ ಎಂದೆ.

"ಬೀಜ ಎತ್ತಿಡ್ಲಾ?" ಎಂದು ಕೇಳಿದೆ.

"ಬಲೀದಿರೋ ಬೀಜ ಯಾಕೆ, ಬುಡು. ಗಿಡದಲ್ಲಿ ಇನ್ನೂ ನಾಕು ಅವಲ್ಲ."

ತಟ್ಟೆಯನ್ನು ನಾನೇ ತೊಳೆದೆ.

ಅವರನ್ನು ಮನೆಗೆ ಕರೆತಂದ ಮೇಲೆ ನಾನು ಪರೀಕ್ಷೆಗೆ ಮೈಸೂರಿಗೆ ಹೋದೆ. ಎಂಟನೆಯ ದಿನ ಸುದ್ದಿ ಬಂತು. ಪರೀಕ್ಷೆ ಮುಗಿಸಿ ನಾನು ಬಂದದ್ದು ತಿಥಿಗೆ. ಅಡುಗೆಯವರ ಒಲೆ ಹೂಡಲು, ಶಾಮಿಯಾನ ಹಾಕಲು ಹಿತ್ತಿಲನ್ನು ಸಮ ಮಾಡಿದ್ದರು. ಯಾರನ್ನೂ ಅನ್ನುವಂತಿಲ್ಲ, ನೆಂಟರಿಗೆ ಅವು ಬರೀ ಟೊಮೆಟೊ ಗಿಡಗಳು. ಬಾಡಿದ ಗಿಡ ತಿಪ್ಪೆಯಲ್ಲಿ ಸಿಕ್ಕಿತು, ನಾನು ಕಟ್ಟಿದ ದಾರವೂ ಸಿಕ್ಕಿತು. ಕಾಯಿಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಒಡೆದರೆ ಒಳಗೆ ಬೀಜ ನೀರುನೀರಾಗಿ ಬೆಳ್ಳಗಿತ್ತು. ಆದರೂ ಬಿತ್ತಿದೆ. ಒಂದೂ ಮೊಳೆಯಲಿಲ್ಲ.

ಊರಿಗೆ ಹೋದಾಗ ಅತ್ತೆ ಒಮ್ಮೆ ಬೀಜದ ಬಾಟಲಿಗಳನ್ನೆಲ್ಲ ನನಗೆ ಕೊಟ್ಟರು. "ಅವತ್ತು ನೀನು ತರದಿದ್ರೆ ಅವ್ರ ಬಾಯಿಗೆ ಏನೂ ಓಯ್ತಿರ್ನಿಲ್ಲ ಕಣವ್ವ" ಎಂದರು. ಆ ಮಾತನ್ನು ಆಗಾಗ ನೆನೆಸಿಕೊಳ್ಳುತ್ತೇನೆ... ಪೂರ್ತಿ ಸಮಾಧಾನವಾಗುವುದಿಲ್ಲ.

ಆ ಬಾಟಲಿಗಳ ಬೀಜದಿಂದಲೇ ನನ್ನ ತಾರಸಿಯ ಗಿಡಗಳು ಬಂದಿವೆ. ಮೊದಲ ಹಣ್ಣಿಗೆ ನಾನೂ ದಾರ ಕಟ್ಟುತ್ತೇನೆ. ಸಂತೆಯಲ್ಲಿ ಹಳದಿ ಟೊಮೆಟೊ ಕಂಡರೆ ಒಂದನ್ನು ಕೊಂಡು ತಂದು, ಕೊಯ್ದು, ಸೀಬೆಹಣ್ಣಿನ ವಾಸನೆ ಇದೆಯೇ ಎಂದು ಮೂಸುತ್ತೇನೆ. ಸಿಕ್ಕರೂ ಅದೇ ಎಂದು ಹೇಳಲು ನನಗಾಗದು, ನಾನು ಅದನ್ನು ತಿಂದವಳಲ್ಲ. ಕಪಾಟಿನಲ್ಲಿ ಬಾಟಲಿಗಳ ಸಾಲಿನ ಕೊನೆಗೆ ಒಂದು ಖಾಲಿ ಬಾಟಲಿ ಇದೆ. ಆಸ್ಪತ್ರೆಗೆ ಹೋಗುವ ಮೊದಲೇ ಅವರು ಚೀಟಿ ಅಂಟಿಸಿ ಇಟ್ಟಿದ್ದರು. ಅದರ ಮೇಲೆ ಅವರ ದುಂಡು ಅಕ್ಷರ: ಮುತ್ತತ್ತಿ.